ಆಲು ನೆತ್ತಿಗತ್ತಿದ ಫಾರಂ

ಕೆಲಸ ಬಿಟ್ಟು ಎರಡು ವರ್ಷವಾಯಿತು. ಈಗಲೂ ಹೆಬ್ಬಾಳದ ಕಡೆ ಹಳೆಯ ಆಫೀಸಿನವರು ಯಾರಾದರೂ ಸಿಕ್ಕರೆ ನನ್ನನ್ನು ಕರೆಯುವುದು ‘ಆಲೂ ಸರ್’ ಎಂದೇ. ನನ್ನ ಹೆಸರು ಬಸವರಾಜ. ಹಾವೇರಿ ಕಡೆಯವನು. ಆಲೂಗಡ್ಡೆಗೂ ನನಗೂ ಬೋಂಡಾ ತಿನ್ನುವುದರ ಆಚೆಗೆ ಯಾವ ಸಂಬಂಧವೂ ಇರಲಿಲ್ಲ. ಆ ಸಂಬಂಧ ಹೇಗೆ ಬಂತು ಎಂದು ಹೇಳುವ ಮೊದಲು, ಇದನ್ನು ಯಾಕೆ ಬರೆಯುತ್ತಿದ್ದೇನೆ ಎಂದು ಹೇಳಬೇಕು.

ಮೊನ್ನೆ ನನ್ನ ಒಂದು ಪೋಸ್ಟಿನ ಕೆಳಗೆ ಒಬ್ಬಳು ಹುಡುಗಿ ಕೇಳಿದ್ದಳು, ನಾನು ಮಾಡುತ್ತಿದ್ದ ಕೆಲಸಕ್ಕೇ ಈಗ ಸೇರುತ್ತಿದ್ದಾಳಂತೆ, ಏನಾದರೂ ಟಿಪ್ಸ್ ಕೊಡಿ ಎಂದು. ನನ್ನ ಸಾಧನೆಗಳನ್ನು ಬರೆಯೋಣ ಎಂದು ಕೂತರೆ ಅರ್ಧ ಪುಟ ತುಂಬಲಿಲ್ಲ. ಇಪ್ಪತ್ತು ವರ್ಷದಲ್ಲಿ ಒಂದೇ ಪ್ರಮೋಷನ್, ಅದೂ ನನ್ನ ಮೇಲಿದ್ದವರು ಬೇರೆ ಕಡೆ ಹೋದರು ಎಂಬ ಕಾರಣಕ್ಕೆ. ತಪ್ಪುಗಳಾದರೆ ಬೇಕಾದಷ್ಟಿವೆ. ತಗೊಳ್ಳಮ್ಮ, ಅವನ್ನೇ ಕೊಡುತ್ತೇನೆ.

ಕೆಲಸ ಏನೆಂದರೆ, ವರ್ಷ ತುಂಬುವ ಮೊದಲೇ ತೀರಿಕೊಂಡ ಕೂಸುಗಳು ಯಾತರಿಂದ ತೀರಿಕೊಂಡವು ಎಂದು ಗುರುತಿಸುವುದು. ನಮ್ಮಲ್ಲಿ ಎಷ್ಟೋ ಕೂಸುಗಳು ಮನೆಯಲ್ಲೇ ಹೋಗುತ್ತವೆ, ಡಾಕ್ಟರು ನೋಡಿರುವುದಿಲ್ಲ. ಆದ್ದರಿಂದ ನಮ್ಮ ಫೀಲ್ಡಿನವರು ಮನೆಗೆ ಹೋಗಿ, ಏನಾಯಿತು ಎಂದು ಕೇಳಿ, ಮನೆಯವರು ಹೇಳಿದ್ದನ್ನು ಹೇಳಿದ ಹಾಗೆಯೇ ಕನ್ನಡದಲ್ಲಿ ಬರೆದುಕೊಂಡು ಬರುತ್ತಿದ್ದರು. ಅದನ್ನು ಇಂಗ್ಲಿಷಿಗೆ ತಂದು, ಯಾವ ಕಾರಣವೋ ಆ ಕಾರಣದ ನಂಬರನ್ನು ಹಾಕುವುದು ನನ್ನ ಪಾಲು. ಅನುಮಾನ ಬಂದದ್ದನ್ನು ಮಾತ್ರ ಡಾಕ್ಟರಿಗೆ ತೋರಿಸಬೇಕು. ನನಗೆ ಅನುಮಾನ ಬರುತ್ತಿದ್ದದ್ದು ಬಹಳ ಕಡಿಮೆ. ದಡ್ಡರಿಗೆ ಅನುಮಾನ ಬರುವುದಿಲ್ಲ.

ಕೊನೆಗೆ ಎಲ್ಲವೂ ಒಂದು ದೊಡ್ಡ ಕೋಷ್ಟಕಕ್ಕೆ ಹೋಗುತ್ತಿತ್ತು. ಹಲವು ದೇಶಗಳು, ಪಕ್ಕಪಕ್ಕದಲ್ಲಿ. ಹುಟ್ಟಿನಿಂದಲೇ ಬಂದ ದೋಷಗಳಿಂದ, ಅಂದರೆ ಹೃದಯದಲ್ಲಿ ತೂತು, ಬೆನ್ನುಹುರಿ ಕೂಡದಿರುವುದು, ಇಂಥವುಗಳಿಂದ ಯಾವ ದೇಶದಲ್ಲಿ ಎಷ್ಟು ಕೂಸು ಹೋಗುತ್ತವೆ ಎಂದು ಹೋಲಿಸುವುದು ಅದರ ಉದ್ದೇಶ.

ಹುಬ್ಬಳ್ಳಿ ಆಫೀಸಿನಲ್ಲಿದ್ದಾಗಲೇ ನನ್ನ ಕೈಚಳಕ ಶುರುವಾಗಿತ್ತು. ತುಟಿ ಸೀಳಿ ಹುಟ್ಟಿದ ಕೂಸು, ಹಾಲು ಕುಡಿಯಲಾರದೆ ಸೊರಗಿ ಹೋಯಿತು. ಯಾತರಿಂದ ಎಂದು ಕೇಳಿದರೆ ಮನೆಯವರು ಹೇಳಿದ್ದು ‘ಗ್ರಹಣದಿಂದ’. ನಾನು ಪಟ್ಟಿಯನ್ನೆಲ್ಲಾ ಹುಡುಕಿದೆ, ಗ್ರಹಣಕ್ಕೆ ನಂಬರೇ ಇಲ್ಲ. ಹತ್ತಿರದ್ದು ಯಾವುದು ಎಂದು ಯೋಚಿಸಿ ನೈಸರ್ಗಿಕ ವಿಕೋಪದ ನಂಬರು ಹಾಕಿದೆ. ಆ ವರ್ಷ ಮೇಲಿನ ಆಫೀಸಿನಿಂದ ಫೋನು ಬಂತು, ಹುಬ್ಬಳ್ಳಿಯಲ್ಲಿ ಭೂಕಂಪವಾಯಿತೇ ಎಂದು.

ಇಷ್ಟಾದ ಮೇಲೆ ನನ್ನನ್ನು ಮನೆಗೆ ಕಳಿಸಬೇಕಿತ್ತು. ಬೆಂಗಳೂರಿಗೆ ಕಳಿಸಿದರು.

ಸಿಂಗಾಪುರದಲ್ಲಿ ಬಾಡಿಗೆ ಮನೆ ಮಾಡಿದೆ, ಯಲಹಂಕದ ಕಡೆ ಆ ಹೆಸರಿನ ಒಂದು ಬಡಾವಣೆಯಿದೆ. ಊರಿಗೆ ಫೋನು ಮಾಡಿ ಸಿಂಗಾಪುರದಾಗ ಮನಿ ಸಿಕ್ಕಿತು ಎಂದಾಗ ನಮ್ಮ ಅತ್ತಿಗೆ ವೀಸಾ ಯಾವಾಗ ಮಾಡಿಸಿದಿರಿ ಎಂದು ಕೇಳಿದರು. ಆ ಬಡಾವಣೆಯಲ್ಲಿ ಎಲ್ಲರೂ ನನ್ನ ಹಾಗೆ ಬೇರೆ ಕಡೆಯಿಂದ ಬಂದವರೇ. ಯಲಹಂಕದ ಸುತ್ತಿನ ಹಳ್ಳಿಯವರು ಹೇಗೆ ಮಾತಾಡುತ್ತಾರೆ ಎಂದು ಕೇಳುವ ಸಂದರ್ಭವೇ ನನಗೆ ಬರಲಿಲ್ಲ. ಮನೆ, ಬಸ್ಸು, ಹೆಬ್ಬಾಳದ ಟ್ರಾಫಿಕ್ಕು, ಆಫೀಸು. ಅಷ್ಟೇ.

ಬಾಗಲೂರು ಕಡೆಯ ಫಾರಂಗಳನ್ನು ತರುತ್ತಿದ್ದವಳು ಗೌರಿ. ಯಲಹಂಕದ ಹುಡುಗಿ, ಸ್ಕೂಟರಿನಲ್ಲಿ ಊರೂರು ಸುತ್ತಿ ಬರುತ್ತಿದ್ದಳು. ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯಬೇಕು ಎಂಬ ನಿಯಮವನ್ನು ಅವಳಷ್ಟು ನಿಷ್ಠೆಯಿಂದ ಪಾಲಿಸಿದವರನ್ನು ನಾನು ನೋಡಿಲ್ಲ. ಅವಳು ತಂದ ಒಂದು ಫಾರಮ್ಮಿನಲ್ಲಿ ಹೀಗಿತ್ತು: ‘ಮೊಗ ಚೆನ್ನಾಗೇ ಇತ್ತು. ಅವ್ರವ್ವ ನಿದ್ದೆಗಣ್ಣಲ್ಲಿ ಕೊಟ್ಲು. ಆಲು ನೆತ್ತಿಗತ್ತಿ ಓಯ್ತು.’

ನಾನು ಓದಿದೆ. ಆಲು. ಕನ್ನಡಕ ಒರೆಸಿಕೊಂಡು ಮತ್ತೆ ಓದಿದೆ. ಆಲೂ. ನಲವತ್ತು ದಿನದ ಕೂಸಿಗೆ ಆಲೂಗಡ್ಡೆ ಯಾಕೆ ಕೊಟ್ಟರು ಎಂದು ನನಗೆ ಸಿಟ್ಟೇ ಬಂತು. ನಮ್ಮ ಕಡೆಯೂ ‘ಹಾಲು ನೆತ್ತಿಗೇರಿತು’ ಎನ್ನುತ್ತಾರೆ, ನಾನೂ ಸಾವಿರ ಸಲ ಅಂದಿದ್ದೇನೆ. ಎದುರಿಗೇ ‘ನೆತ್ತಿ’ ಎಂಬ ಪದ ಕೂತಿದ್ದರೂ ತಲೆ ಓಡಲಿಲ್ಲ. ಆಲೂಗಡ್ಡೆ ಗಂಟಲಿಗೆ ಸಿಕ್ಕಿ ಸಾವು ಎಂದು ಇಂಗ್ಲಿಷಿನಲ್ಲಿ ಬರೆದೆ. ಅದೇ ಕಡೆಯ ಇನ್ನೂ ಹಲವು ಫಾರಂಗಳಲ್ಲಿ ಅದೇ ಮಾತು ಬಂತು, ಎಲ್ಲದಕ್ಕೂ ಅದೇ ನಂಬರು ಹಾಕಿದೆ. ಅಷ್ಟಕ್ಕೇ ಸುಮ್ಮನಿದ್ದರೆ ನಾನು ಬಸವರಾಜನೇ ಅಲ್ಲ. ಕೊನೆಗೆ ಒಂದು ಟಿಪ್ಪಣಿಯನ್ನೂ ಸೇರಿಸಿದೆ: ಈ ಭಾಗದಲ್ಲಿ ಎಳೆಗೂಸುಗಳಿಗೆ ಆಲೂಗಡ್ಡೆ ತಿನ್ನಿಸಬಾರದು ಎಂದು ಜಾಗೃತಿ ಮೂಡಿಸುವ ಅಗತ್ಯವಿದೆ.

ಮುಂದಿನ ತಿಂಗಳು ಎಲ್ಲಾ ದೇಶಗಳವರು ಸ್ಕ್ರೀನಿನ ಮೇಲೆ ಸೇರುವ ಮೀಟಿಂಗು. ನಮ್ಮ ಆಫೀಸಿನ ಮುಖ್ಯಸ್ಥರಿಗೆ ಬಣ್ಣಬಣ್ಣದ ಚಾರ್ಟು ಎಂದರೆ ಪ್ರಾಣ. ಹುಟ್ಟುದೋಷದ ಸಾಲಿನಲ್ಲಿ ನಮ್ಮ ಕಂಬ ಗಿಡ್ಡ, ಯುರೋಪಿನ ಕೆಲವು ದೇಶಗಳ ಕಂಬ ಉದ್ದ. ಅವರು ಅದನ್ನು ತೋರಿಸಿ, ನಮ್ಮ ತಾಯಂದಿರ ಆಹಾರ ಪದ್ಧತಿಯ ಹೆಗ್ಗಳಿಕೆ ಎಂದು ಐದು ನಿಮಿಷ ಮಾತಾಡಿದರು. ನಾನು ಪಕ್ಕದಲ್ಲಿ ಕೂತು ತಲೆಯಾಡಿಸಿದೆ. ಆ ಆಹಾರ ಪದ್ಧತಿಯಲ್ಲಿ ನನ್ನ ಪಾಲು ಬರೀ ಎರಡು ಹೊತ್ತು ರೊಟ್ಟಿ.

ಆಗ ಆ ಕಡೆಯಿಂದ ಒಬ್ಬ ಹುಡುಗಿ ಬಹಳ ವಿನಯದಿಂದ ಕೇಳಿದಳು, ನಿಮ್ಮಲ್ಲಿ ಮಗುವಿಗೆ ಆಲೂಗಡ್ಡೆ ಕೊಡುವುದನ್ನು ಯಾವ ವಯಸ್ಸಿನಲ್ಲಿ ಶುರು ಮಾಡುತ್ತಾರೆ?

ಮುಖ್ಯಸ್ಥರು ನನ್ನ ಕಡೆ ತಿರುಗಿದರು. ಗೊತ್ತಿಲ್ಲ ಎನ್ನುವುದು ನನ್ನ ಜಾಯಮಾನದಲ್ಲಿಲ್ಲ. ಪಕ್ಕದ ಚಿಕ್ಕಬಳ್ಳಾಪುರ, ಕೋಲಾರದ ಕಡೆ ಆಲೂಗಡ್ಡೆಯನ್ನು ಬಹಳ ಬೆಳೆಯುತ್ತಾರೆ, ಹಾಗಾಗಿ ಅದು ಅಲ್ಲಿನ ಬದುಕಿನಲ್ಲಿ ಹಾಸುಹೊಕ್ಕಾಗಿದೆ ಎಂದು ವಿವರಿಸಿದೆ. ಅವರೆಲ್ಲರೂ ಬರೆದುಕೊಂಡರು.

ಮೀಟಿಂಗು ಮುಗಿದ ಮೇಲೆ ಗೌರಿ ನನ್ನ ಟೇಬಲ್ಲಿಗೆ ಬಂದಳು. ಒಂದು ಮಾತು ಕೇಳಲಾ, ಬೇಜಾರು ಮಾಡಿಕೊಳ್ಳಬೇಡಿ ಎಂದಳು. ಕೇಳವ್ವಾ ಎಂದೆ.

“ಸಾರ್, ನಮ್ ಕಡೆ ಹಳ್ಳಿಯೋರಿಗೆ ಹಕಾರ ಬರಲ್ಲ. ಆಲು ಅಂದ್ರೆ ಹಾಲು.”

ಅವತ್ತಿನಿಂದ ನಾನು ಆಲೂ ಸರ್. ತಿದ್ದುಪಡಿಯ ಮೇಲ್ ಕಳಿಸಿದೆ, ಎಲ್ಲಾ ಫಾರಂಗಳಲ್ಲೂ ಆಲೂಗಡ್ಡೆಯನ್ನು ತೆಗೆದು ಹಾಲು ಎಂದು ಹಾಕಿದೆ. ಎಲ್ಲರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕರು, ನಾನೂ ನಕ್ಕೆ. ತಪ್ಪು ಸರಿಹೋಯಿತು ಎಂದು ಫೈಲು ಮುಚ್ಚಿದೆವು. ಹುಡುಗೀ, ಇಲ್ಲಿ ಸ್ವಲ್ಪ ಗಮನವಿಟ್ಟು ಓದು. ನಗೆ ಬರುವ ತಪ್ಪು ಸಿಕ್ಕಿಬಿಟ್ಟರೆ ಅದರ ಕೆಳಗೆ ಇನ್ನೊಂದು ತಪ್ಪು ಕೂತಿದೆಯೇ ಎಂದು ಯಾರೂ ನೋಡುವುದಿಲ್ಲ.

ಒಂದೂವರೆ ವರ್ಷದ ಮೇಲೆ ನಮಗೆ ಹೊಸ ಡಾಕ್ಟರು ಬಂದರು, ವಸುಂಧರಾ ಮೇಡಂ. ಮಕ್ಕಳ ಡಾಕ್ಟರು, ಮಾತು ಕಡಿಮೆ, ಕನ್ನಡಕದ ಮೇಲಿನಿಂದ ನೋಡುವುದು ಜಾಸ್ತಿ. ಬಂದ ವಾರವೇ ಕೋಷ್ಟಕ ನೋಡಿ ನನ್ನನ್ನು ಕರೆದರು. ಹಾಲು ಗಂಟಲಿಗೆ ಸಿಕ್ಕಿ ಸಾಯುವುದು ಬೇರೆ ದೇಶಗಳಲ್ಲಿ ಅಪರೂಪ, ನಮ್ಮಲ್ಲಿ ಮಾತ್ರ ಯಾಕೆ ಇಷ್ಟೊಂದು, ನಮ್ಮ ಕೂಸುಗಳಿಗೆ ಹಾಲು ಕುಡಿಯಲು ಬರುವುದಿಲ್ಲವೇ ಎಂದು ಕೇಳಿದರು. ನಾನು ತಾಯಂದಿರು ಮಲಗಿಕೊಂಡು ಕುಡಿಸುವ ಅಭ್ಯಾಸದ ಬಗ್ಗೆ ಉಪನ್ಯಾಸ ಶುರು ಮಾಡಿದೆ. ಅವರು ಕೈಯೆತ್ತಿ ನಿಲ್ಲಿಸಿ, ಆ ಫಾರಂಗಳನ್ನು ತನ್ನಿ ಎಂದರು.

ಎರಡು ದಿನ ಕೂತು ಓದಿದರು. ಮೂರನೆಯ ದಿನ ಒಂದಷ್ಟನ್ನು ನನ್ನ ಮುಂದಿಟ್ಟರು. ಒಂದರಲ್ಲಿ, ಎರಡು ಗುಟುಕು ಕುಡಿದು ಸುಸ್ತಾಗುತ್ತಿತ್ತು ಎಂದಿದೆ. ಇನ್ನೊಂದರಲ್ಲಿ, ಅತ್ತರೆ ತುಟಿ ನೇರಳೆ ಹಣ್ಣಿನ ಹಾಗೆ ಆಗುತ್ತಿತ್ತು. ಮತ್ತೊಂದರಲ್ಲಿ, ಮೈ ಹಿಡಿಯಲೇ ಇಲ್ಲ. ಎಲ್ಲವನ್ನೂ ಗೌರಿ ಬರೆದಿದ್ದಳು. ಎಲ್ಲವನ್ನೂ ನಾನು ಓದಿದ್ದೆ. ಕೊನೆಯ ಸಾಲಿನಲ್ಲಿ ಹಾಲು ಎಂದಿತ್ತು, ನಾನು ಹಾಲಿಗೆ ನಂಬರು ಹಾಕಿದ್ದೆ.

“ಹಾಲು ನೆತ್ತಿಗೇರಿದ್ದು ಕೊನೆಯ ಐದು ನಿಮಿಷ, ಬಸವರಾಜ್. ಅದರ ಹಿಂದಿನ ನಲವತ್ತು ದಿನ ಎಲ್ಲಿ ಹೋಯ್ತು?”

ಹೃದಯದಲ್ಲಿ ದೋಷವಿರುವ ಕೂಸಿಗೆ ಹಾಲು ಕುಡಿಯುವುದೇ ಬೆಟ್ಟ ಹತ್ತಿದ ಹಾಗೆ ಎಂದು ಅವರು ಬಿಡಿಸಿ ಹೇಳಿದರು. ಕುಡಿಯುತ್ತಾ ಏದುಸಿರು ಬಿಡುತ್ತದೆ, ಬೆವರುತ್ತದೆ, ಬಿಟ್ಟುಬಿಟ್ಟು ಕುಡಿಯುತ್ತದೆ. ಕೊನೆಗೊಂದು ದಿನ ಬಾಯಲ್ಲಿ ಹಾಲಿರುವಾಗಲೇ ಎಲ್ಲಾ ಮುಗಿಯುತ್ತದೆ. ನೋಡುವವರಿಗೆ ಕಾಣುವುದು ಹಾಲು. ಆ ಉದ್ದ ಕಂಬದ ದೇಶಗಳಲ್ಲಿ ಕೂಸು ಹುಟ್ಟಿದ ಕೂಡಲೇ ಎದೆಗೆ ಕಿವಿ ಕೊಡುತ್ತಾರೆ, ಅನುಮಾನ ಬಂದರೆ ಸ್ಕ್ಯಾನ್ ಮಾಡುತ್ತಾರೆ, ಆದ್ದರಿಂದ ಅವರ ಲೆಕ್ಕಕ್ಕೆ ಸಿಗುತ್ತದೆ. ಭೇದಿ, ಕಫದಂಥ ಬೇರೆ ಕಾರಣಗಳನ್ನು ಅವರು ಮುಂಚೆಯೇ ತಡೆದಿರುವುದರಿಂದ ಹುಟ್ಟುದೋಷವೇ ದೊಡ್ಡದಾಗಿಯೂ ಕಾಣುತ್ತದೆ. ನಮ್ಮ ಕಂಬ ಗಿಡ್ಡವಾಗಿದ್ದದ್ದು ನಮ್ಮ ಆಹಾರ ಪದ್ಧತಿಯಿಂದಲ್ಲ. ಅದರ ಅರ್ಧವನ್ನು ನಾನು ಹಾಲಿನ ಕಂಬಕ್ಕೆ ಸಾಗಿಸಿದ್ದೆ.

ಗೌರಿ ಬಾಗಿಲಲ್ಲಿ ನಿಂತು ಇದನ್ನೆಲ್ಲಾ ಕೇಳಿಸಿಕೊಂಡಿದ್ದಳು. ಒಳಗೆ ಬಂದು, ಆ ಮೊದಲನೇ ಫಾರಮ್ಮಿನ ತಾಯಿ, ಮಂಜುಳಾ ಅಂತ, ಈಗ ಮತ್ತೆ ಐದು ತಿಂಗಳ ಬಸುರಿ ಎಂದಳು. ಹಳ್ಳಿಯಲ್ಲಿ ಎಲ್ಲರೂ ಅವಳನ್ನು ನಿದ್ದೆಯಲ್ಲಿ ಮಗು ಕೊಂದವಳು ಎಂದೇ ಮಾತಾಡುತ್ತಾರಂತೆ. ಈ ಸಲ ಕೂಸನ್ನು ಅವಳ ಮೊಲೆಗೆ ಹಾಕುವುದೇ ಬೇಡ, ನಾನೇ ಬಾಟಲಿಯಲ್ಲಿ ಹಸುವಿನ ಹಾಲು ಕುಡಿಸಿ ಸಾಕುತ್ತೇನೆ ಎಂದು ಅತ್ತೆ ಮುನಿಯಮ್ಮ ತೀರ್ಮಾನ ಮಾಡಿದ್ದಾರಂತೆ.

ಆ ಫಾರಮ್ಮಿನಲ್ಲಿ ‘ತಾಯಿಯ ಅಜಾಗರೂಕತೆ’ ಎಂದು ಎರಡು ಪದವನ್ನು ಇಂಗ್ಲಿಷಿನಲ್ಲಿ ಸೇರಿಸಿದ್ದವನು ನಾನೇ. ಯಾರೂ ಕೇಳಿರಲಿಲ್ಲ. ವಾಕ್ಯ ಚೆನ್ನಾಗಿ ಕಾಣಲಿ ಎಂದು ಸೇರಿಸಿದ್ದೆ.

ಒಂದು ತೊಡಕಿತ್ತು. ನಾವು ಬರೆದ ಕಾರಣವನ್ನು ಮನೆಯವರಿಗೆ ಹೇಳುವ ಹಾಗಿಲ್ಲ, ಅದು ನಿಯಮ. ಮೇಡಂ ಫಾರಮ್ಮನ್ನು ತಿರುಗಿಸಿ ನೋಡಿ ಒಂದು ಕಡೆ ಬೆರಳಿಟ್ಟರು. ಉತ್ತರಿಸಿದವರು ಯಾರು ಎಂಬಲ್ಲಿ ‘ಅಜ್ಜಿ’ ಎಂದಿತ್ತು. ತಾಯಿ ಮನೆಯಲ್ಲೇ ಇರುವಾಗ ತಾಯಿಯನ್ನು ಕೇಳದಿದ್ದರೆ ಫಾರಂ ಅಪೂರ್ಣ. ಹೋಗಿ ಮತ್ತೆ ಕೇಳಿಕೊಂಡು ಬನ್ನಿ, ಬಸುರಿಗೆ ಸ್ಕ್ಯಾನ್ ಮಾಡಿಸಮ್ಮ ಎಂದು ಹೇಳುವುದಕ್ಕೆ ಯಾವ ನಿಯಮವೂ ಅಡ್ಡ ಬರುವುದಿಲ್ಲ ಎಂದರು. ನಾನು ಗೌರಿಯ ಕಡೆ ನೋಡಿದೆ. ಬರೆದವರು ನೀವು, ನೀವೂ ಬನ್ನಿ ಎಂದಳು. ಅಷ್ಟು ವರ್ಷದ ಸರ್ವಿಸಿನಲ್ಲಿ ನಾನು ಫೀಲ್ಡಿಗೆ ಹೋದದ್ದು ಅದೇ ಮೊದಲು.

ಬಾಗಲೂರಿನಲ್ಲಿ ಮುನಿಯಮ್ಮನವರದು ಮೂರು ಅಂತಸ್ತಿನ ಮನೆ. ಹೊಲವಿದ್ದ ಜಾಗದಲ್ಲಿ ಬಾಡಿಗೆ ಮನೆಗಳು, ಹಿಂದುಗಡೆ ಇನ್ನೂ ಎರಡು ಹಸು. ನಾವು ಮಂಜುಳಾಳನ್ನು ಕೇಳಿದ ಪ್ರತಿಯೊಂದು ಪ್ರಶ್ನೆಗೂ ಮುನಿಯಮ್ಮನೇ ಉತ್ತರ ಕೊಟ್ಟರು. ತಾಯಿಯೇ ಹೇಳಬೇಕು ಎಂದು ನಾನು ನಿಯಮ ಹೇಳಿದೆ.

“ಅವ್ಳೇನ್ ಏಳ್ತಾಳೆ ಸಾ, ನಿದ್ದೆ ಒಡೀತಿದ್ಲು,” ಎಂದರು ಮುನಿಯಮ್ಮ.

ಸೊಸೆ ನೆಲ ನೋಡುತ್ತಾ ಕೂತಿದ್ದಳು. ಅಷ್ಟರಲ್ಲಿ ಹೊರಗೆ ನೀರಿನ ಟ್ಯಾಂಕರ್ ಬಂದು ಹಾರ್ನ್ ಹೊಡೆಯಿತು. ಬಾಡಿಗೆಯವರು ಪೈಪು ಹಿಡಿದು ಜಗಳ ತೆಗೆದರೆ ಕಷ್ಟ ಎಂದು ಮುನಿಯಮ್ಮ ಎದ್ದು ಹೋದರು. ಆ ಟ್ಯಾಂಕರಿನವನು ಯಾರೋ, ಅವನ ಹೊಟ್ಟೆ ತಣ್ಣಗಿರಲಿ.

ನಾನು ಗಂಟಲು ಸರಿಮಾಡಿಕೊಂಡು, ನಾನೇ ಅನುವಾದಿಸಿದ್ದ ಪ್ರಶ್ನಾವಳಿಯನ್ನು ಓದಿದೆ: “ಸ್ತನ್ಯಪಾನದ ಸಂದರ್ಭದಲ್ಲಿ ಶಿಶುವು ಆಗಾಗ್ಗೆ ವಿರಾಮ ತೆಗೆದುಕೊಳ್ಳುತ್ತಿತ್ತೇ?” ಮಂಜುಳಾ ನನ್ನನ್ನು ನೋಡಿದಳು, ಆಮೇಲೆ ಗೌರಿಯನ್ನು ನೋಡಿದಳು, ಇವರು ಯಾವ ಭಾಷೆಯವರು ಎನ್ನುವ ಹಾಗೆ. ಗೌರಿ ಫಾರಮ್ಮನ್ನು ನನ್ನ ಕೈಯಿಂದ ತೆಗೆದುಕೊಂಡು ಬೋರಲು ಇಟ್ಟಳು.

“ಹಾಲು ಕುಡಿಯೋವಾಗ ಮಧ್ಯ ಮಧ್ಯ ಬಿಟ್ಬಿಟ್ಟು ಉಸ್ ಉಸ್ ಅಂತಿತ್ತೇನಮ್ಮಾ?”

ಅಲ್ಲಿಂದ ಮಂಜುಳಾ ನಿಲ್ಲಿಸಲಿಲ್ಲ. ಎರಡು ಗುಟುಕಿಗೇ ಬಿಡುತ್ತಿದ್ದ, ಮತ್ತೆ ಹಸಿವಿಗೆ ಅಳುತ್ತಿದ್ದ. ಹಾಲು ಕುಡಿಯುವಾಗೆಲ್ಲಾ ಹಣೆ, ನೆತ್ತಿ ಬೆವರಿನಿಂದ ತೊಯ್ದು ಹೋಗುತ್ತಿತ್ತು, ಬಟ್ಟೆ ಒದ್ದೆಯಾಗುವಷ್ಟು. ಕೊನೆಯ ವಾರ ಉಗುರು ಕಪ್ಪಾಗಿತ್ತು. ಅತ್ತೆಗೆ ಹೇಳಿದ್ದಕ್ಕೆ ಕಾಡಿಗೆ ಮೆತ್ತಿರಬೇಕು ಎಂದರಂತೆ. ಆಮೇಲೆ ಇಷ್ಟು ಹೇಳಿದಳು:

“ಅವತ್ತು ನಾನ್ ಎಚ್ಚರವಾಗೇ ಇದ್ದೆ ಸಾರ್. ಆದ್ರೆ ಎಲ್ರೂ ಹೇಳಿ ಹೇಳಿ, ಈಗ ನನಗೇ ಗ್ಯಾರಂಟಿ ಇಲ್ಲ.”

ಇಂಥ ಹೊತ್ತಿನಲ್ಲಿ ಏನು ಹೇಳಬೇಕು ಎಂದು ಯಾವ ತರಬೇತಿಯಲ್ಲೂ ಹೇಳಿಕೊಟ್ಟಿರಲಿಲ್ಲ. ನಾನು ಹೇಳಿದ್ದು, “ಸ್ಕ್ಯಾನ್ ಮಾಡಸ್ರೀ ಅವ್ವಾ.” ಅಷ್ಟೇ ಬಂದದ್ದು.

ವಸುಂಧರಾ ಮೇಡಂ ಅವಳನ್ನೂ ಅತ್ತೆಯನ್ನೂ ಕರೆಸಿಕೊಂಡು, ಫಾರಮ್ಮಿನ ಮಾತೆತ್ತದೆ, ಮಂಜುಳಾ ಹೇಳಿದ್ದನ್ನೇ ಹಿಡಿದು ಡಾಕ್ಟರಾಗಿ ತಾವೇ ಮಾತಾಡಿದರು. ಆ ಮಗುವಿನ ಎದೆಗೆ ಯಾರೂ ಕಿವಿ ಕೊಟ್ಟಿಲ್ಲ, ಆದ್ದರಿಂದ ಆಣೆ ಮಾಡಿ ಹೇಳಲಾರೆ, ಆದರೆ ಹೃದಯದ ತೊಂದರೆಯೇ ಇದ್ದಿರಬೇಕು ಎಂದರು. ಹೊಟ್ಟೆಯಲ್ಲಿರುವ ಕೂಸಿನ ಹೃದಯದ ಸ್ಕ್ಯಾನಿಗೆ ಚೀಟಿ ಬರೆದುಕೊಟ್ಟರು. ಮುನಿಯಮ್ಮ ಚೀಟಿಯನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ನಂಬಿದರೋ ಇಲ್ಲವೋ ಮುಖ ನೋಡಿ ಗೊತ್ತಾಗಲಿಲ್ಲ. ಆದರೆ ಸ್ಕ್ಯಾನಿಗೆ ಕರೆದುಕೊಂಡು ಹೋದರು.

ಈ ಕಡೆ ನಾವು ಹಾಲಿನ ಫಾರಂಗಳನ್ನೆಲ್ಲಾ ಮತ್ತೆ ತೆಗೆದು, ತಾಯಂದಿರನ್ನೇ ಕೇಳಿ, ಮೇಡಂ ಹೇಳಿದ ಹಾಗೆ ನಂಬರು ಬದಲಿಸಿದೆವು. ಹುಟ್ಟುದೋಷದ ನಮ್ಮ ಕಂಬ ಎದ್ದು ನಿಂತಿತು. ಮುಖ್ಯಸ್ಥರು ಚಾರ್ಟು ನೋಡಿ, ದೇಶದ ಮಾನ ಕಳೆದಿರಿ ಎಂದರು. ಮುಂದಿನ ಮೀಟಿಂಗಿನಲ್ಲಿ ಆಹಾರ ಪದ್ಧತಿಯ ಮಾತು ಬರಲಿಲ್ಲ. ಆ ವಿನಯದ ಹುಡುಗಿ ಮಾತ್ರ, ಈಗ ನಿಮ್ಮ ಅಂಕಿಗಳನ್ನು ನಂಬಬಹುದು ಅನ್ನಿಸುತ್ತದೆ ಎಂದಳು. ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡೆ. ಬೇರೆ ಸಿಕ್ಕೂ ಇರಲಿಲ್ಲ. ಅದೇ ಹೊತ್ತಿಗೆ ಆಫೀಸಿಗೆ ಟ್ಯಾಬ್ ಬಂತು, ಹೇಳಿದ ಹಾಗೆಯೇ ಬರೆಯುವ ಜಾಗ ಹೋಗಿ ಪಟ್ಟಿಯಿಂದ ಒಂದನ್ನು ಒತ್ತುವುದು ಬಂತು. ಜಗಳವಾಡಿ ನಾಲ್ಕು ಸಾಲಿನ ಜಾಗ ಉಳಿಸಿಕೊಂಡೆವು. ಹುಡುಗೀ, ಆ ನಾಲ್ಕು ಸಾಲನ್ನು ಖಾಲಿ ಬಿಡಬೇಡ.

ನಾನು ಸ್ವಯಂ ನಿವೃತ್ತಿ ತೆಗೆದುಕೊಂಡ ಮೇಲೆ ಒಂದು ದಿನ ಗೌರಿ ಫೋನು ಮಾಡಿ, ಮಂಜುಳಾಗೆ ಹೆಣ್ಣು ಮಗು, ಎರಡು ತಿಂಗಳಾಯಿತು, ಬರುತ್ತೀರಾ ಎಂದಳು. ಹೋದೆವು. ಸ್ಕ್ಯಾನಿನಲ್ಲಿ ಏನೂ ತೊಂದರೆ ಇರಲಿಲ್ಲ, ಹುಟ್ಟಿದ ಮೇಲೂ ಡಾಕ್ಟರು ಎದೆ ನೋಡಿ ಚೆನ್ನಾಗಿದೆ ಎಂದಿದ್ದರು. ಅತ್ತೆಯ ಬಾಟಲಿಯ ಯೋಜನೆಯನ್ನು ಮೇಡಂ ಬೈದು ಬಿಡಿಸಿದ್ದರು. ಮಂಜುಳಾ ಒಳಗಿನ ಕೋಣೆಯಲ್ಲಿ ಮಗುವಿಗೆ ಹಾಲು ಕೊಡುತ್ತಿದ್ದಳು. ನಾವು ಹಜಾರದಲ್ಲಿ ಕೂತೆವು. ಮುನಿಯಮ್ಮ ಕಾಫಿ ತಂದಿಟ್ಟು ಎದುರಿಗೆ ಕೂತರು.

“ಎದೇಲಿ ತೊಂದ್ರೆ ಅಂದ್ರಲ್ಲ ಸಾ ಡಾಕ್ಟ್ರಮ್ಮ. ನೋಡುದ್ರೆ ಇದರೆದೆ ಗಟ್ಟಿಯಾಗೈತೆ. ಒಂದೇ ಒಟ್ಟೇಲಿ ಉಟ್ಟಿದ್ದಲ್ವಾ? ಅಂಗಾದ್ರೆ ಅವ್ನೆದೇನೂ ನೆಟ್ಟಗೇ ಇತ್ತು. ಆಲೇ ಸಾ ಅದು.”

ನನಗೆ ಇದು ಹೊಳೆದೇ ಇರಲಿಲ್ಲ. ಈ ಮಗು ಚೆನ್ನಾಗಿ ಹುಟ್ಟಿದ್ದೇ ಆ ತಾಯಿಯ ಮೇಲಿನ ಆರೋಪಕ್ಕೆ ಸಾಕ್ಷಿಯಾಗಿ ಕೂತಿತ್ತು. ಹಾಗಲ್ಲ ಮುನಿಯಮ್ಮನವರೇ ಎಂದು ಶುರು ಮಾಡಿದೆ. ಮೊದಲ ಮಗುವಿಗೆ ಇದ್ದದ್ದು ಎರಡನೆಯದಕ್ಕೆ ಬರದಿರುವುದೇ ಹೆಚ್ಚು, ಒಂದೇ ಬಳ್ಳಿಯ ಎರಡು ಕುಂಬಳಕಾಯಿ ಒಂದೇ ತರ ಇರುತ್ತವೆಯೇ ಎಂದೆ.

“ಮೊಗಿನ್ ಮಾತಾಡ್ತಾ ಕುಂಬಳಕಾಯಿ ಯಾಕ್ ಸಾ?” ಎಂದರು.

ಗೌರಿ ತುಟಿ ಕಚ್ಚಿಕೊಂಡಳು. ನಾನು ಕಾಫಿ ಲೋಟ ಎತ್ತಿಕೊಂಡೆ. ಆಗ ಒಳಗಿನಿಂದ ಮಂಜುಳಾ ಕರೆದಳು, ಅತ್ತೆ, ಒಂಚೂರು ಇಲ್ಲಿ ಬನ್ನಿ ಎಂದು. ಮುನಿಯಮ್ಮ ಎದ್ದು ಒಳಗೆ ಹೋದರು. ಬಾಗಿಲಿಗೆ ಬರೀ ಪರದೆ, ಮಾತು ಕೇಳುತ್ತಿತ್ತು.

“ಇವ್ಳು ಕುಡೀತಾ ಇದಾಳೆ. ಹಣೆ ಮೇಲೆ ಕೈ ಇಡಿ.”

“ಯಾಕಮ್ಮಿ, ಜ್ವರಾನಾ?”

“ಇಟ್ಟು ನೋಡಿ ಅತ್ತೆ. ನೆತ್ತೀನೂ ನೋಡಿ.”

ಮಗು ಗುಟುಕರಿಸುವ ಶಬ್ದ ಕೇಳಿಸಿತು.

“ಒಣಗೈತೆ,” ಎಂದರು ಮುನಿಯಮ್ಮ.

“ಅವ್ನಿಗೆ?”

ಗೌರಿ ನನ್ನ ಮುಖ ನೋಡಿದಳು, ನಾನು ಪರದೆಯನ್ನು ನೋಡಿದೆ.

“ಅವ್ನ ಬೆವರು ನೀವೇ ಒರೆಸ್ತಿದ್ರಿ ಅತ್ತೆ. ನಿಮ್ ಸೆರಗಲ್ಲೇ. ಪ್ರತಿ ಸಲಾನೂ.”

ಒಳಗೆ ಮಂಚ ಕಿರುಗುಟ್ಟಿತು, ಯಾರೋ ಅದರ ಅಂಚಿಗೆ ಕೂತ ಹಾಗೆ. ಆಮೇಲೆ ಮುನಿಯಮ್ಮನ ದನಿ ಕೇಳಿಸಿತು, ನಮ್ಮ ಹತ್ತಿರ ಮಾತಾಡಿದ ದನಿಯಲ್ಲ ಅದು.

“ಸಂಕ್ರಾಂತಿ ಚಳೀಲಿ ಸೆಕೆ ಅನ್ಕಂಡಿದ್ದೆ ಕಣಮ್ಮಿ.”